ನಡುಗೆರೆ

ಬೆವರು ಬಿದ್ದಿದೆ, ಸರಿಯಾಗಿ ನಡುಗೆರೆಯ ಮೇಲೆ, ಮೂರೋ ನಾಲ್ಕೋ ಹನಿ, ಟವೆಲು ಹಿಡಿದ ಹೆಂಗಸೊಬ್ಬಳು ಮಂಡಿಯೂರಿ ಒರೆಸುತ್ತಿದ್ದಾಳೆ, ಒರೆಸಿದಷ್ಟೂ ಆ ಕಪ್ಪು ಗೆರೆ ಇನ್ನಷ್ಟು ಕಪ್ಪಾಗಿ ಹೊಳೆಯುತ್ತದೆ, ಎತ್ತರದ ಕಿಟಕಿಗಳಿಂದ ಇಳಿದ ಮಧ್ಯಾಹ್ನದ ಬಿಸಿಲು ಅಂಕಣದ ಅರ್ಧಕ್ಕೆ ಹರಡಿ ಅಲ್ಲಿಗೇ ಬಂದು ನಿಂತಿದೆ — ಗೆರೆ ಕಂಡಲ್ಲಿ ನಿಲ್ಲಬೇಕೆಂಬುದು ಬಿಸಿಲಿಗೂ ಗೊತ್ತು, ಅಯೋವಾದ ಬಿಸಿಲಲ್ಲವೇ, ಎಂದು ರೋಂಡಾ ಟೀಸನ್ ತನ್ನಷ್ಟಕ್ಕೆ ಅಂದುಕೊಂಡಳು, ಅಂದುಕೊಂಡು ನಗು ಬಂತು, ನಗಲಿಲ್ಲ, ಸುತ್ತ ಐವರು ಹುಡುಗಿಯರು ನೀರಿನ ಬಾಟಲಿ ಬಾಯಿಗಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಾರೆ, ಫಲಕದಲ್ಲಿ ಐವತ್ತೊಂಬತ್ತು ಎದುರಿನವರದು, ಐವತ್ತೆಂಟು ತಮ್ಮದು, ಉಳಿದಿರುವುದು ಹತ್ತೊಂಬತ್ತು ಸೆಕೆಂಡು, ಚೆಂಡು ಅವರದು, ಟೈಮ್‌ಔಟ್ ಕೇಳಿದವರೂ ಅವರೇ, ಈ ಮೂವತ್ತು ಸೆಕೆಂಡಿನ ಬಿಡುವು ತೀರಿದ ಮೇಲಿನ ಹತ್ತೊಂಬತ್ತರಲ್ಲಿ ವಿಟ್ಕಾಂಬ್ ಕಾಲೇಜಿನ ಹುಡುಗಿಯರ ಈ ವರ್ಷದ ಬ್ಯಾಸ್ಕೆಟ್‌ಬಾಲ್ ಆಟ ಮುಗಿದುಹೋಗಬಹುದು, ಆಟದ ಜೊತೆಗೆ ರೋಂಡಾಳ ಹದಿನೇಳು ವರ್ಷವೂ. ಕೋಚ್, ನಮ್ಮ ಹತ್ರ ಒಂದು ಟೈಮ್‌ಔಟ್ ಉಳಿದಿದೆ, ಒಂದೇ, ಎಂದು ಇಮಾನಿ ಕಿವಿಯ ಹತ್ತಿರ ಹೇಳಿದಳು, ಶಿಕಾಗೋ ಕಡೆಯ ಹುಡುಗಿ, ಸಹಾಯಕಿಯಾಗಿ ಬಂದು ಎರಡನೆಯ ವರ್ಷ, ಉಳಿದ ಟೈಮ್‌ಔಟುಗಳನ್ನು ಎಣಿಸಿ ಕಿವಿಯಲ್ಲಿ ಹೇಳುವ ಈ ಕೆಲಸ ಜನವರಿಯ ತನಕ ರೋಂಡಾಳದೇ ಆಗಿತ್ತು, ಈಗ ಬೇರೆಯವರ ಬಾಯಿಂದ ಕೇಳಿಸಿಕೊಳ್ಳುವಾಗ ಕಿವಿಗೆ ಏನೋ ಪರಕೀಯ, ಹೊಸ ಹಲ್ಲು ಕಟ್ಟಿಸಿಕೊಂಡವರಿಗೆ ನಾಲಿಗೆ ಅಲ್ಲಿಗೇ ಹೋದಂತೆ. ಬೆನ್ನ ಹಿಂದೆ, ಮರದ ಮೆಟ್ಟಿಲುಗಳ ಮೊದಲ ಸಾಲಿನಲ್ಲಿ, ಮೊಣಕೈ ಚಾಚಿದರೆ ತಾಗುವಷ್ಟು ಸಮೀಪದಲ್ಲಿ, ಮರ್ಲ್ ಬ್ರಾಂಟ್ ಕೆಮ್ಮುತ್ತಿದ್ದಾನೆ, ಇಪ್ಪತ್ತನಾಲ್ಕು ವರ್ಷ ಈ ತಂಡದ ಮುಖ್ಯ ಕೋಚ್ ಆಗಿದ್ದವನು, ಎದೆ ಸೀಳಿ ಹೊಲಿದು ಏಳು ವಾರ, ಕೆಮ್ಮು ಬಂದಾಗೆಲ್ಲ ಆಸ್ಪತ್ರೆಯವರು ಕೊಟ್ಟ ಹೃದಯದಾಕಾರದ ಕೆಂಪು ದಿಂಬನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಳ್ಳುತ್ತಾನೆ, ಆ ಒತ್ತುವ ಸದ್ದೂ ಅವಳಿಗೆ ಕೇಳಿಸುತ್ತದೆ, ಬ್ಯಾಂಡಿನ ನಗಾರಿಯ ನಡುವೆ, ಜೋಳದರಳಿನ ಬೆಣ್ಣೆಯ ವಾಸನೆಯ ನಡುವೆ, ಹಿಮ ಕರಗಿ ನೀರಾದ ಬೂಟುಗಳ ಒದ್ದೆ ವಾಸನೆಯ ನಡುವೆ. ಫೌಲ್ ಮಾಡ್ಸು ರೋಂಡಾ, ಚೆಂಡು ಹಿಡಿದ ತಕ್ಷಣ ಫೌಲ್ ಮಾಡ್ಸು, ಅವರಲ್ಲಿ ಆ ಕೆಂಚು ಕೂದಲಿನವಳಿಗೆ ಕೈ ನಡುಗ್ತಿದೆ, ಎಂದು ಬ್ರಾಂಟ್ ಪಿಸುಗುಟ್ಟಿದ — ಪಿಸುಗುಟ್ಟಿದರೆ ಮೂರು ಸಾಲಿಗೆ ಕೇಳಿಸುವ ದನಿ — ಅವನು ಹೇಳಿದ್ದು ತಪ್ಪಲ್ಲ, ಫೌಲಾದರೆ ಗಡಿಯಾರ ನಿಲ್ಲುತ್ತದೆ, ಅವಳ ಬಿಟ್ಟಿ ಎಸೆತ ತಪ್ಪಿದರೆ ಚೆಂಡು ತಮಗೆ, ಯಾವ ಕೋಚ್ ಆದರೂ ಹೇಳುವ ಮಾತೇ, ಅವಳು ತಿರುಗಲಿಲ್ಲ, ನಡುಗೆರೆಯ ಮೇಲೆ ಟವೆಲು ಇನ್ನೂ ಆಡುತ್ತಿದೆ.

ಅವಳ ಮೊದಲ ಗೆರೆ ಡಾಂಬರಿನದು, ಅಪ್ಪ ಎಳೆದದ್ದು, ಮನೆಯ ಹುಲ್ಲಿನಟ್ಟದ ಹಲಗೆಯ ಮೇಲೆ, ಚಾವಣಿಯ ಸೋರಿಕೆಗೆ ಬಳಿದು ಉಳಿದ ಡಾಂಬರನ್ನು ಹಳೆಯ ಕುಂಚದಲ್ಲಿ ಅದ್ದಿ, ನೂಲು ಹಿಡಿದು, ಹಂದಿಗಳಿಗೆ ಮೇವು ಹಾಕುವ ಹೊತ್ತು ಮೀರಿ ಅವು ಕೆಳಗೆ ಕಿರಿಚುತ್ತಿರುವಾಗ, ಅಮ್ಮ ಏಣಿಯ ಮೇಲಿಂದ ತಲೆಯಷ್ಟೇ ತೋರಿಸಿ ಓರೆಯಾಗಿದೆ ನೋಡು, ಎಡಕ್ಕೆ ಜಾಸ್ತಿ ಹೋಯ್ತು ಎನ್ನುತ್ತಿದ್ದಾಳೆ, ಅಮ್ಮನೂ ಗಾರ್ಡ್, ಅಮ್ಮನ ಅಕ್ಕನೂ ಗಾರ್ಡ್, ಮನೆತನದಲ್ಲೇ ಬುಟ್ಟಿಗೆ ಚೆಂಡು ಹಾಕಿದ ಹೆಂಗಸಿಲ್ಲ, ಏಕೆಂದರೆ ಆಗ ಆ ಊರುಗಳಲ್ಲಿ ಹುಡುಗಿಯರ ಆಟವೆಂದರೆ ಆರು ಮಂದಿಯದು, ಮೂವರು ಗೆರೆಯ ಆಚೆ ನಿಂತು ಬುಟ್ಟಿಗೆ ಹಾಕುವವರು, ಮೂವರು ಈಚೆ ನಿಂತು ಕಾಯುವವರು, ಅವರೇ ಗಾರ್ಡುಗಳು, ಕಾಯುವವಳು ಎಷ್ಟೇ ಚುರುಕಿನವಳಾದರೂ ಚೆಂಡು ಕಿತ್ತುಕೊಂಡ ಮೇಲೆ ಎರಡೇ ಸಲ ನೆಲಕ್ಕೆ ಬಡಿದು ಗೆರೆಯವರೆಗೆ ಬಂದು ಆಚೆಯವಳ ಕೈಗೆ ಒಪ್ಪಿಸಿ ಅಲ್ಲೇ ನಿಂತು ನೋಡಬೇಕು, ಚೆಂಡು ದಾಟಬಹುದು, ಕಾಲು ದಾಟಕೂಡದು. ಬೂಟಿನ ತುದಿ ತಾಗಿದ್ರೂ ಚೆಂಡು ಅವರದಾಗುತ್ತೆ ಕಣೇ, ಕಣ್ಣಲ್ಲಿ ಗೆರೆ ನೋಡ್ಬೇಡ, ಕಾಲಲ್ಲೇ ನೋಡು, ಎನ್ನುತ್ತಿದ್ದಳು ಅಮ್ಮ, ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ಆಲೂಗಡ್ಡೆ ಹಿಸುಕಿ ಬಂದು ಸಂಜೆ ಅಟ್ಟ ಹತ್ತಿ ಮಗಳ ಎದುರಿಗೆ ಮೈಕೈ ಅಗಲಿಸಿ ನಿಲ್ಲುವವಳು, ಏಪ್ರನ್ ಕೂಡ ಬಿಚ್ಚದೆ. ಜುಲೈ ತಿಂಗಳ ಸೆಕೆಗೆ ಡಾಂಬರು ಕರಗುತ್ತಿತ್ತು, ರಭಸದಿಂದ ಬಂದು ನಿಂತಾಗ ಬಿಳಿಯ ಬೂಟಿನ ಮೂತಿಗೆ ಒಂದು ಕಪ್ಪು ಗುರುತು, ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗದ್ದು, ನಾಚಿಕೆಯ ಗುರುತು ಅದು, ತಾಗಿದೆ ಎಂಬುದಕ್ಕೆ ಸಾಕ್ಷಿ, ಆಗಸ್ಟಿನ ಹೊತ್ತಿಗೆ ಹೊಸ ಗುರುತು ಬೀಳುವುದು ನಿಂತಿತು, ಕಾಲು ಕಲಿತುಬಿಟ್ಟಿತು, ಓಡಿ ಬಂದ ವೇಗವನ್ನೆಲ್ಲ ಹಿಮ್ಮಡಿಯಲ್ಲಿ ನುಂಗಿ ಗೆರೆಗೆ ಒಂದಂಗುಲ ಈಚೆ ನಿಲ್ಲುವುದನ್ನು ಕಲಿತುಬಿಟ್ಟಿತು, ತೊಂಬತ್ತೊಂದರಲ್ಲಿ ಡೆ ಮೊಯ್ನ್‌ಗೆ ರಾಜ್ಯ ಪಂದ್ಯಾವಳಿಗೆ ಹೋದಾಗ ಊರಿಗೆ ಊರೇ ಬಾಗಿಲು ಹಾಕಿಕೊಂಡು ಬಂದಿತ್ತು, ಪೆಟ್ರೋಲ್ ಬಂಕಿನವನು ಗಾಜಿಗೆ ಚೀಟಿ ಅಂಟಿಸಿದ್ದ, ಕೊನೆಗೆ ಊರು ಬಿಡುವವರು ದೀಪ ಆರಿಸಿ ಹೋಗಿ ಎಂದು, ನಾಲ್ಕು ಪಂದ್ಯಗಳಲ್ಲಿ ರೋಂಡಾ ಟೀಸನ್ ಇಪ್ಪತ್ತಾರು ಸಲ ಚೆಂಡು ಕಿತ್ತಳು, ಒಮ್ಮೆಯೂ ಗೆರೆ ತುಳಿಯಲಿಲ್ಲ, ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಕೂಡ ಅವಳು ಗೆರೆಯ ಹಿಂದೆ ನಿಂತು, ಕೈಚಾಚಿ, ದೂರ ಹೋಗುತ್ತಿರುವ ಚೆಂಡನ್ನು ನೋಡುತ್ತಿದ್ದಾಳೆ.

ಮತ್ತೆ ಅದೇ ವರ್ಷದ ನವೆಂಬರ್, ಕಾಲೇಜು, ಐವರ ಆಟ, ಇಡೀ ಅಂಕಣ ನಿನ್ನದೇ ಎಂದು ಎಲ್ಲರೂ ಹೇಳಿದ್ದರು, ಅಭ್ಯಾಸದಲ್ಲಿ ದಾಟಿಯೂ ದಾಟಿದ್ದಳು, ಹೆದರುವಂಥದ್ದೇನೂ ಇರಲಿಲ್ಲ, ಆದರೆ ಮೊದಲ ಪಂದ್ಯದ ಬಿಸಿಯಲ್ಲಿ ಚೆಂಡು ಕಿತ್ತುಕೊಂಡು ಓಡಿದಾಗ, ಮುಂದೆ ಒಂದು ನರಪಿಳ್ಳೆಯೂ ಇಲ್ಲದೆ ಬುಟ್ಟಿ ಬಾಯಿ ತೆರೆದು ಕಾದಿರುವಾಗ, ಕಾಲು ನಿಂತಿತು, ತಾನಾಗಿ, ಗೆರೆಗೆ ಒಂದಂಗುಲ ಈಚೆ, ಬೂಟು ಕೀಚೆಂದಿತು, ಅವಳು ಚೆಂಡನ್ನೆತ್ತಿ ಹಿಡಿದು ಆಚೆ ಯಾರಿದ್ದಾರೆಂದು ಹುಡುಕಿದಳು, ಆಚೆ ಯಾರೂ ಇರಲಿಲ್ಲ, ಇರಬೇಕಾದವಳು ಅವಳೇ — ಇಡೀ ಸಭಾಂಗಣ ನಕ್ಕಿತು, ಎದುರಿನವರು ನಕ್ಕರು, ರೆಫರಿ ಶಿಳ್ಳೆ ಕಚ್ಚಿಕೊಂಡೇ ನಕ್ಕ, ಬೆಂಚಿನ ಮೇಲಿದ್ದ ತನ್ನವರೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು, ಅಂದಿನಿಂದ ನಾಲ್ಕು ವರ್ಷ ಅವಳ ಹೆಸರು ಬೇಲಿ, ಬೇಲಿ ಬಂದ್ಲು ದಾರಿ ಬಿಡ್ರೇ, ಬೇಲಿ ಇದ್ರೆ ದನ ಹೊರಗೆ ಹೋಗಲ್ಲ ಬಿಡಿ, ಬೇಲಿ ಊಟಕ್ಕೆ ಬರ್ತೀಯೋ ಅಥ್ವಾ ಬಾಗ್ಲಲ್ಲೇ ನಿಲ್ತೀಯೋ. ನಕ್ಕಳು, ಎಲ್ಲರಿಗಿಂತ ಜೋರಾಗಿ ತಾನೇ ನಕ್ಕಳು, ನಗುವುದರಿಂದ ಮುಖ ಉಳಿಯುತ್ತದೆ, ಆದರೆ ಅವತ್ತು ಕೋಣೆಗೆ ಬಂದು ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಬಿಳಿಯ ಮೂತಿಯನ್ನು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದ್ದಳು, ಡಾಂಬರೇನೂ ಇರಲಿಲ್ಲ, ಹೊಸ ಬೂಟು ಅದು. ಆಡಲಾಗದಿದ್ದರೆ ಆಡಿಸುತ್ತೇನೆ ಎಂದು ತೀರ್ಮಾನಿಸಿದ್ದು ಅವತ್ತೇ, ಮಂಚದ ಅಂಚಿನಲ್ಲಿ, ಬರೀ ಕಾಲುಚೀಲದಲ್ಲಿ, ಯಾರಿಗೂ ಹೇಳದೆ, ಒಂದು ದಿನ ಒಂದು ತಂಡ ನನ್ನದಾಗಿರುತ್ತದೆ, ನಾನು ಹೇಳಿದಂತೆ ಓಡುತ್ತದೆ, ಎಂದು.

ಓಡುವುದೇನು ಸುಲಭವೇ, ಮೊದಲು ನಿಲ್ಲಿಸುವ ಕೆಲಸ ಸಿಕ್ಕಿತು, ಆರುನೂರು ಮಕ್ಕಳೂ ಇಲ್ಲದ ಊರಿನ ಪ್ರೌಢಶಾಲೆ, ಹುಡುಗಿಯರ ತಂಡಕ್ಕೆ ಕೋಚ್ ಆಗಬೇಕಾದರೆ ಜೊತೆಗೆ ಆರೋಗ್ಯ ಪಾಠವನ್ನೂ ಕಾರು ಓಡಿಸುವ ಪಾಠವನ್ನೂ ಮಾಡಬೇಕು, ಕಲಿಸುವವರ ಕಾರಿನಲ್ಲಿ ಎರಡು ಬ್ರೇಕು, ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಅವಳ ಕಾಲಡಿ, ಸ್ಟಿಯರಿಂಗ್ ಇಲ್ಲ, ವೇಗದ ಪೆಡಲಿಲ್ಲ, ಬರೀ ಬ್ರೇಕು, ಐದು ವರ್ಷ ಜೋಳದ ಹೊಲಗಳ ನಡುವಿನ ಮಣ್ಣು ರಸ್ತೆಗಳಲ್ಲಿ ಹದಿನಾರರ ಮಕ್ಕಳ ಪಕ್ಕ ಕೂತು ಬಲಗಾಲು ಒತ್ತಿದ್ದೇ ಒತ್ತಿದ್ದು, ಈಗಲೂ ಯಾರ ಕಾರಿನಲ್ಲಿ ಕೂತರೂ ಆ ಕಾಲು ಇಲ್ಲದ ಬ್ರೇಕನ್ನು ಹುಡುಕುತ್ತದೆ, ಇಮಾನಿ ನಗುತ್ತಾಳೆ, ಕೋಚ್, ನನ್ನ ಕಾರಿನ ನೆಲ ತೂತಾಗುತ್ತೆ. ಆಮೇಲೆ ಎರಡು ವರ್ಷದ ಕಾಲೇಜೊಂದರಲ್ಲಿ ಸಹಾಯಕಿ, ವ್ಯಾನು ಓಡಿಸುವವಳೂ ಅವಳೇ, ಅಂಗಿ ಒಗೆಯುವವಳೂ ಅವಳೇ, ಗಾಯಕ್ಕೆ ಪಟ್ಟಿ ಕಟ್ಟುವವಳೂ ಅವಳೇ, ಅಲ್ಲಿಂದ ವಿಟ್ಕಾಂಬ್, ಎರಡು ಸಾವಿರದ ಎರಡು, ಬ್ರಾಂಟ್ ಅವಳ ಅರ್ಜಿಯನ್ನು ಮೂಗಿನ ತುದಿಯ ಕನ್ನಡಕದಿಂದ ಓದಿ, ಅವನು ಓಹಿಯೋದವನು, ಈ ಆರು ಮಂದಿ ಆಟ ಅವನಿಗೆ ಮ್ಯೂಸಿಯಂ ಸರಕು, ಓಹೋ ಗಾರ್ಡಾ ನೀನು, ಹಳೇ ಆಟದ್ದಾ, ಹಾಗಾದ್ರೆ ಗೆರೆ ಅಂದ್ರೇನು ಅಂತ ನಿನಗೆ ಹೇಳಿಕೊಡ್ಬೇಕಾಗಿಲ್ಲ, ಬಾಮ್ಮ, ನನ್ನ ಕೋಟು ಹಿಡ್ಕೊಳ್ಳೋಕೆ ಒಬ್ಬರು ಬೇಕಾಗಿದ್ರು, ಎಂದ, ತಮಾಷೆ ಎಂದುಕೊಂಡು ಅವಳು ನಕ್ಕಳು, ಮೊದಲ ಪಂದ್ಯದಲ್ಲಿ ಗೊತ್ತಾಯಿತು ತಮಾಷೆಯಲ್ಲ ಎಂದು, ಕೋಚ್ ನಿಂತು ಕೂಗಾಡಲು ಅಂಕಣದ ಬದಿಯಲ್ಲೊಂದು ಗೆರೆ ಹಾಕಿರುತ್ತಾರೆ, ಅದನ್ನು ದಾಟಿದರೆ ಮೊದಲು ಎಚ್ಚರಿಕೆ, ಆಮೇಲೆ ದಂಡ, ಎದುರಿನವರಿಗೆ ಬಿಟ್ಟಿ ಎಸೆತ, ಬ್ರಾಂಟ್ ಹಿಂದಿನ ವರ್ಷ ಹನ್ನೊಂದು ಸಲ ದಂಡ ತೆತ್ತಿದ್ದ, ಅದಕ್ಕೆ ಅವನ ಕಂದುಬಣ್ಣದ ಕಾರ್ಡುರಾಯ್ ಕೋಟಿನ ಎಡಗಡೆಯ ಹಿಂಭಾಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಅವನು ಗೆರೆಗೆ ಬಂದ ಕೂಡಲೇ ಹಿಂದಕ್ಕೆಳೆಯುವುದು ರೋಂಡಾಳ ಕೆಲಸ, ಹದಿನೇಳು ವರ್ಷ, ಐನೂರಕ್ಕೆ ಕಡಿಮೆಯಿಲ್ಲದ ಪಂದ್ಯ, ದಂಡ ಹನ್ನೊಂದರಿಂದ ಸೊನ್ನೆಗೆ ಇಳಿಯಿತು, ಕೋಟು ಮಾತ್ರ ಜೋತುಬಿತ್ತು, ದರ್ಜಿ ಎಡಗಡೆಗೆ ಎರಡು ಪದರ ಹಾಕಿ ಹೊಲಿದು ಅದಕ್ಕೆ ರೋಂಡಾ ತೇಪೆ ಎಂದೇ ಹೆಸರಿಟ್ಟ, ಬ್ರಾಂಟನ ಹೆಂಡತಿಯದು ಪ್ರತಿ ಕ್ರಿಸ್‌ಮಸ್‌ಗೂ ಅದೇ ಮಾತು, ನಮ್ಮನೆಯವರನ್ನ ನಾನು ಹಿಡಿದಿದ್ದಕ್ಕಿಂತ ನೀನು ಹಿಡಿದಿದ್ದೇ ಜಾಸ್ತಿ ಕಣೇ ರೋಂಡಾ, ಎಲ್ಲರೂ ನಗುತ್ತಿದ್ದರು, ಅವಳೂ.

ಎರಡು ಸಾವಿರದ ಒಂಬತ್ತರಲ್ಲಿ ನೆಬ್ರಾಸ್ಕಾದ ಒಂದು ಕಾಲೇಜು, ಹದಿಮೂರರಲ್ಲಿ ಮಿನೆಸೋಟಾದ್ದು, ಹದಿನಾರರಲ್ಲಿ ತಾನು ಅಂಗಿ ಒಗೆದಿದ್ದ ಅದೇ ಎರಡು ವರ್ಷದ ಕಾಲೇಜು, ಮೂರೂ ಕಡೆ ಮುಖ್ಯ ಕೋಚ್ ಕೆಲಸಕ್ಕೆ ಸಂದರ್ಶನದವರೆಗೆ ಹೋದಳು, ಮೂರೂ ಕಡೆಯಿಂದ ಬಂದ ಉತ್ತರ ಒಂದೇ ಅಚ್ಚಿನದು, ನೀವು ಅತ್ಯುತ್ತಮ ಸಹಾಯಕಿ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ನಾವು ಮುನ್ನಡೆಸುವವರನ್ನು ಹುಡುಕುತ್ತಿದ್ದೇವೆ. ತನ್ನ ಮಾತಿನಲ್ಲಿ ಕೊರತೆ ಇರಬೇಕು, ನಿಲುವಿನಲ್ಲಿ ಇರಬೇಕು, ಹೊಸ ಬಣ್ಣದ ಕೋಟು ಕೊಂಡಳು, ಕನ್ನಡಿಯ ಮುಂದೆ ನಿಂತು ದನಿ ತಗ್ಗಿಸಿ ಏರಿಸಿ ನೋಡಿದಳು, ಹೀಗೆ ಮೂರು ಸಲ ತನ್ನನ್ನೇ ಬಿಚ್ಚಿ ಜೋಡಿಸಿಕೊಂಡಳು, ಕಾರಣ ಮಾತ್ರ ಬ್ರಾಂಟನ ಮೇಜಿನ ಎರಡನೆಯ ಸೆಳೆಖಾನೆಯಲ್ಲಿ ತಣ್ಣಗೆ ಕೂತಿತ್ತು — ಜನವರಿಯಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಕ್ರೀಡಾ ವಿಭಾಗದ ಮುಖ್ಯಸ್ಥೆ ಶ್ರೀಮತಿ ಹೆಲ್ಡ್ ಬಂದು, ಉಳಿದ ಪಂದ್ಯ ನೀವೇ ನೋಡ್ಕೊಳ್ಳಿ ರೋಂಡಾ, ಆದ್ರೆ ಇದು ಹಂಗಾಮಿ, ತಪ್ಪು ತಿಳ್ಕೋಬೇಡಿ, ಮರ್ಲ್ ನಿವೃತ್ತಿ ಹೇಳಿದ್ರೆ ದೇಶದ ತುಂಬಾ ಹುಡುಕ್ತೀವಿ, ನೀವೂ ಅರ್ಜಿ ಹಾಕಬಹುದು, ಎಂದಳು, ಬಾಗಿಲಿಗೆ ಅವಳ ಹೆಸರಿನ ಚೀಟಿ ಅಂಟಿಸಿದರು, ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಹಂಗಾಮಿ, ಆ ಕೋಣೆಯಲ್ಲಿ ಬಸ್ಸಿನ ವೇಳಾಪಟ್ಟಿ ಹುಡುಕುತ್ತಿದ್ದಾಗ ಸಿಕ್ಕಿತು ಕಡತ, ಮೂರು ಕಾಲೇಜಿಗೆ ಬ್ರಾಂಟ್ ಬರೆದ ಮೂರು ಶಿಫಾರಸು ಪತ್ರದ ಪ್ರತಿ, ಪ್ರತಿಯೊಂದರಲ್ಲೂ ಹೊಗಳಿಕೆ, ಪ್ರಾಮಾಣಿಕವಾದದ್ದು, ಪ್ರತಿಯೊಂದರ ಕೊನೆಯಲ್ಲೂ ಅದೇ ಸಾಲು: ಇಷ್ಟು ವರ್ಷಗಳಲ್ಲಿ ರೋಂಡಾ ಒಮ್ಮೆಯೂ ಗೆರೆ ದಾಟಿದವಳಲ್ಲ. ಕೋಪ ಬರಬೇಕಿತ್ತು, ಬಂದದ್ದು ಸೀಮೆಎಣ್ಣೆಯ ವಾಸನೆ, ಬಿಳಿಯ ಬೂಟು, ಹೆಬ್ಬೆರಳು. ಮುದುಕ ಕೇಡು ಬಗೆದಿರಲಿಲ್ಲ, ಜೀವಮಾನವಿಡೀ ಗೆರೆ ದಾಟಿ ದಂಡ ತೆತ್ತವನಿಗೆ ದಾಟದವಳಿಗಿಂತ ದೊಡ್ಡ ಮನುಷ್ಯರು ಯಾರಿದ್ದಾರು, ತನ್ನಲ್ಲಿಲ್ಲದ ಒಂದೇ ಗುಣವನ್ನು ಅವನು ಅವಳ ಕೊರಳಿಗೆ ಪದಕದಂತೆ ಹಾಕಿದ, ಪದಕದ ಭಾರಕ್ಕೆ ಅವಳು ಮುಳುಗಿದಳು. ಇವತ್ತು ಮಧ್ಯಾಹ್ನ ಆಟಕ್ಕೆ ಮುಂಚೆ ಅವನು ದಿಂಬು ಕಂಕುಳಲ್ಲಿಟ್ಟುಕೊಂಡು ಅಂಕಣಕ್ಕೆ ಬಂದ, ಹುಡುಗಿಯರು ಚೆಂಡು ಬಿಟ್ಟು ಓಡಿ ಬಂದು ಸುತ್ತುವರಿದರು, ಕೋಚ್ ಬಂದ್ರು ಕೋಚ್ ಬಂದ್ರು, ಅಪ್ಪಿಕೊಳ್ಳಬೇಡ್ರೇ, ಹೊಲಿಗೆ ಬಿಚ್ಚಿಕೊಳ್ಳುತ್ತೆ, ಆಮೇಲೆ ಅವಳ ಹತ್ತಿರ ಬಂದು, ನಾನು ಇನ್ನು ಬರಲ್ಲ ರೋಂಡಾ, ಡಾಕ್ಟರಿಗಿಂತ ಹೆಂಡತಿದೇ ಹಟ ಜಾಸ್ತಿ, ಹೆಲ್ಡ್ ಹೇಳಿದ್ಲು, ನಿನ್ನ ಅರ್ಜಿಗೆ ನನ್ನ ಪತ್ರ ಸೋಮವಾರದೊಳಗೆ ಬೇಕಂತೆ, ಸಮಿತಿಯವರು ಅದನ್ನೇ ಕಾಯ್ತಿದ್ದಾರಂತೆ, ಇವತ್ತಿನ ಆಟ ನೋಡ್ಕೊಂಡು ಬರೀತೀನಿ, ಎಂದ. ಇಪ್ಪತ್ತೆಂಟು ವರ್ಷದ ಮಾತು ಅವಳ ಬಾಯಿಗೆ ಅಷ್ಟು ಚಿಕ್ಕದಾಗಿ ಬಂತು, ಆ ಸಾಲು ಬರೀಬೇಡಿ ಕೋಚ್. ಯಾವ ಸಾಲು. ಗೆರೆ ದಾಟಿದವಳಲ್ಲ ಅನ್ನೋದು. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಅದು ನಾನು ಇನ್ಯಾರಿಗೂ ಕೊಡದ ಹೊಗಳಿಕೆ ಕಣಮ್ಮ, ಎಂದ, ಹೌದು ಕೋಚ್, ಅದಕ್ಕೇ ನನಗೆ ಮೂರು ಕೆಲಸ ತಪ್ಪಿದ್ದು, ಎಂದಳು, ಅವನು ದಿಂಬಿನ ತುದಿ ತಿರುಚಿದ, ಹಾಗಾದ್ರೆ ಅದು ಸುಳ್ಳಾ ರೋಂಡಾ, ಎಂದು ಕೇಳಿದ, ಚುಚ್ಚಿದ್ದಲ್ಲ, ನಿಜವಾಗಿ ಕೇಳಿದ್ದು, ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ನಾನು ಸುಳ್ಳು ಬರೆಯೋನಲ್ಲ ಅಂತ ನಿನಗೂ ಗೊತ್ತು, ಅದು ಸುಳ್ಳಾದ ದಿನ ಹೇಳು, ಅವತ್ತೇ ತೆಗೀತೀನಿ, ಎಂದು ಹೇಳಿ ಮೊದಲ ಸಾಲಿಗೆ ಹೋಗಿ ಕೂತ, ಹಳೆಯ ಕಂದು ಕೋಟನ್ನೇ ಹಾಕಿಕೊಂಡು, ಅವಳ ತೇಪೆಯ ಮೇಲೆ.

ಹನ್ನೆರಡು ಸೆಕೆಂಡು ಹೋಯಿತು ಬಿಡುವಿನಲ್ಲಿ, ಇಷ್ಟೆಲ್ಲ ಬದುಕಿಗೆ ಹನ್ನೆರಡೇ, ಹುಡುಗಿಯರು ಕಾಯುತ್ತಿದ್ದಾರೆ, ಆಟದ ಯೋಜನೆ ಗೀಚುವ ಹಲಗೆಯನ್ನು ಇಮಾನಿ ಮುಂದೆ ಚಾಚಿದಳು, ರೋಂಡಾ ಅದನ್ನು ತಳ್ಳಿ ಲೇನಿ ವೋಸ್‌ಳನ್ನು ನೋಡಿದಳು, ಹತ್ತೊಂಬತ್ತರ ಹುಡುಗಿ, ಜಡೆ ಬಿಚ್ಚಿ ಕತ್ತಿಗೆ ಅಂಟಿದೆ, ಮೊಣಕಾಲು ತರಚಿದೆ, ಎಂಟುನೂರು ಜನರಿರುವ ಊರಿನಿಂದ ರೋಂಡಾ ತಾನೇ ಹುಡುಕಿ ತಂದವಳು, ಬೇರೆ ಯಾವ ಕಾಲೇಜಿನವರೂ ತಿರುಗಿ ನೋಡಿರಲಿಲ್ಲ, ಕೈ ಹಾವಿನದು, ಕಾಲು ಜಿಂಕೆಯದು, ಒಂದೇ ಒಂದು ದೋಷ, ಚೆಂಡು ಕಿತ್ತುಕೊಂಡು ನಡುಗೆರೆಗೆ ಬಂದಾಗ ಓಟ ತಗ್ಗಿಸಿ ಕತ್ತು ತಿರುಗಿಸಿ ಬೆಂಚಿನ ಕಡೆ ನೋಡುತ್ತಾಳೆ, ಏನು ಮಾಡಲಿ ಎಂದು — ದೋಷವೂ ಅಲ್ಲ, ಬ್ರಾಂಟ್ ಕಲಿಸಿದ್ದೇ ಹಾಗೆ, ಕಿತ್ತುಕೋ, ಗೆರೆಗೆ ಬಾ, ನನ್ನನ್ನು ನೋಡು, ನಾನು ಬೆರಳು ತೋರಿಸುತ್ತೇನೆ ಅಥವಾ ಟೈಮ್‌ಔಟ್ ತೆಗೆದುಕೊಳ್ಳುತ್ತೇನೆ, ಇಪ್ಪತ್ತನಾಲ್ಕು ವರ್ಷ ಈ ಕಟ್ಟಡದಲ್ಲಿ ಪ್ರತಿ ಹುಡುಗಿಯೂ ಹಾಗೆ ನಿಂತು ನೋಡಿದ್ದಾಳೆ, ಅದು ಗೆಲ್ಲಿಸಿಯೂ ಇದೆ, ರೋಂಡಾ ಜನವರಿಯಿಂದ ಹನ್ನೆರಡು ಪಂದ್ಯದಲ್ಲಿ ಆ ಕತ್ತನ್ನು ತಿರುಗದಂತೆ ಮಾಡಲು ಹೆಣಗಿದ್ದಾಳೆ, ನನ್ನ ಮುಖದ ಮೇಲೆ ಬುಟ್ಟಿ ಇದೆಯೇನೇ, ಯಾಕೆ ನೋಡ್ತೀಯ, ಅಭ್ಯಾಸದಲ್ಲಿ ಅವಳು ಬೆನ್ನು ಹಾಕಿಕೊಂಡು ನಿಂತದ್ದುಂಟು, ನೋಡಿದರೆ ಬೆನ್ನೇ ಕಾಣಲಿ ಎಂದು, ಹನ್ನೆರಡರಲ್ಲಿ ಎಂಟು ಗೆಲುವು, ನಾಲ್ಕು ಸೋಲು, ಸೋತ ನಾಲ್ಕರಲ್ಲಿ ಎರಡು ಈ ಕತ್ತಿನ ದೆಸೆಯಿಂದ. ಫೌಲ್ ಮಾಡಬೇಡಿ, ಎಂದಳು ರೋಂಡಾ, ಹಿಂದಿನ ಸಾಲಿಗೂ ಕೇಳುವಂತೆಯೇ ಎಂದಳು, ಯಾರೂ ಮಾಡಬೇಡಿ, ಅವರು ಚೆಂಡು ಒಳಗೆ ಕೊಟ್ಟ ಕೂಡ್ಲೇ ಲೇನಿ ಮುಂದೆ, ಆ ಬದಿಯಿಂದ ಇನ್ನೊಬ್ಬಳು, ಮೂಲೆಗೆ ಒತ್ತಿ, ಉಸಿರಾಡೋಕೂ ಜಾಗ ಕೊಡಬೇಡಿ, ಚೆಂಡು ಬಿಡ್ತಾಳೆ ಅವಳು. ಬಿಡದಿದ್ರೆ, ಎಂದಳು ಒಬ್ಬಳು. ಬಿಡದಿದ್ರೆ ಸೋತ್ವಿ, ಅದು ನನ್ನ ತಲೆ ಮೇಲೆ, ನೀವು ಹೊರಬೇಕಾಗಿಲ್ಲ. ಲೇನಿ ಬಾಟಲಿ ಕೆಳಗಿಟ್ಟು, ಚೆಂಡು ಸಿಕ್ರೆ ಕೋಚ್, ಯಾವ ಆಟ ಆಡ್ಲಿ, ಎಂದಳು, ಅದೇ ಪ್ರಶ್ನೆ, ಕತ್ತಿನ ಪ್ರಶ್ನೆ, ಬಾಯಲ್ಲಿ ಬಂತು ಅಷ್ಟೇ, ರೋಂಡಾ ಬಗ್ಗಿ ಅವಳ ಬೂಟಿನ ಮೂತಿಯನ್ನು ಬೆರಳಲ್ಲಿ ತಟ್ಟಿದಳು, ಬಿಳಿ ಬೂಟು, ಹೊಸದು, ಇದು ಹೇಳಿದ ಹಾಗೆ ಕೇಳು, ನನ್ನನ್ನ ಕೇಳಬೇಡ, ನಾನು ಇಲ್ಲಿ ಇಲ್ಲ ಅಂದ್ಕೋ. ಹುಡುಗಿ ನಕ್ಕಳು, ನೀವು ಇಲ್ಲದೆ ಎಲ್ಲಿ ಹೋಗ್ತೀರಾ ಕೋಚ್, ಬೇಲಿ ಕಿತ್ಕೊಂಡು ಹೋದ ಹಾಗೆ — ಆ ಹೆಸರು ಇವಳಿಗೆ ಹೇಗೆ ಗೊತ್ತಾಯಿತು, ಬ್ರಾಂಟನೇ ಹೇಳಿರಬೇಕು, ಹಿಂದೆ ಅವನು ಕೆಮ್ಮಿದ, ದಿಂಬು ಒತ್ತಿದ, ಬಿಡುವು ಮುಗಿದ ಗಂಟೆ ಹೊಡೆಯಿತು.

ನಡುಗೆರೆ ಒಣಗಿದೆ, ಟವೆಲಿನವಳು ಹೋಗಿದ್ದಾಳೆ, ರೆಫರಿ ಚೆಂಡು ಕೊಟ್ಟ, ಹತ್ತೊಂಬತ್ತು, ಚೆಂಡು ಒಳಗೆ ಬಂತು, ಕೆಂಚು ಕೂದಲಿನವಳ ಕೈಗೆ, ಲೇನಿ ಮುಂದೆ, ಇನ್ನೊಬ್ಬಳು ಬದಿಗೆ, ಹದಿನೇಳು, ಫೌಲ್ ಮಾಡ್ಸು ರೋಂಡಾ, ಹದಿನಾರು, ಮೇಲಿನ ಸಾಲಿನಲ್ಲಿ ಶ್ರೀಮತಿ ಹೆಲ್ಡ್ ಎದ್ದು ನಿಂತದ್ದು ಕಣ್ಣಂಚಿನಲ್ಲಿ ಕಂಡಿತು, ಅವಳ ಪಕ್ಕ ಸಮಿತಿಯ ಇಬ್ಬರು, ಒಬ್ಬನ ಕೈಯಲ್ಲಿ ಪುಡಿಮಾಂಸದ ಬನ್ನು, ಕಚ್ಚಲು ಮರೆತಿದ್ದಾನೆ, ಹದಿನಾಲ್ಕು, ಅವರು ಮೂಲೆಗೆ ಸರಿದರು, ಹಾಗೆಯೇ, ಇನ್ನೂ, ಉಸಿರಾಡಲು ಜಾಗ ಬೇಡ, ಹನ್ನೊಂದು, ಈಗಲಾದ್ರೂ ಮಾಡ್ಸು, ನಿನಗೆ ಕೈಮುಗೀತೀನಿ, ಹತ್ತು, ಅಮ್ಮ ಏಪ್ರನ್ ಬಿಚ್ಚದೆ ಮೈಕೈ ಅಗಲಿಸಿ ನಿಂತಿದ್ದಾಳೆ, ಅವಳ ಕೈಯಿಂದ ಆಲೂಗಡ್ಡೆಯ ವಾಸನೆ, ಕಣ್ಣಲ್ಲಿ ನೋಡಬೇಡ ಕಣೇ, ಒಂಬತ್ತು, ಕೆಂಚು ಕೂದಲಿನವಳು ತಲೆಯ ಮೇಲಿಂದ ಎಸೆದಳು, ಲೇನಿಯ ಎಡಗೈ ಎಲ್ಲಿತ್ತೋ ಅಲ್ಲಿಂದ ಎದ್ದಿತು, ಚೆಂಡಿಗೆ ತಾಗಿತು, ಚೆಂಡು ನೆಲಕ್ಕೆ, ನೆಲದಿಂದ ಲೇನಿಯ ಕೈಗೆ, ಮುಂದೆ ಯಾರೂ ಇಲ್ಲ, ಇಡೀ ಅಂಕಣ, ಬಿಸಿಲು ಬಿದ್ದ ಅರ್ಧ, ಬಿಸಿಲಿಲ್ಲದ ಅರ್ಧ, ಬಾಯಿ ತೆರೆದ ಬುಟ್ಟಿ, ಎಂಟು. ಟೈಮ್‌ಔಟ್, ಎಂದು ಬ್ರಾಂಟ್ ಕೂಗಿದ, ಎದೆಯ ಹೊಲಿಗೆ ಬಿಚ್ಚಿಕೊಳ್ಳುವಂತೆ ಕೂಗಿದ, ಟೈಮ್‌ಔಟ್ ತಗೋ ರೋಂಡಾ, ನಿಲ್ಸು, ನಿಲ್ಲಿಸಿ ಆಟ ಕಟ್ಟು, ಒಂದಿದೆಯಲ್ಲ, ತಗೋ — ಅವಳ ಎರಡು ಅಂಗೈಗಳು ತಾವಾಗಿ ಎದ್ದವು, ಟೈಮ್‌ಔಟಿನ ಸನ್ನೆಗೆ ಒಂದರ ಮೇಲೊಂದು ಅಡ್ಡ ಕೂರಲು ಹೊರಟವು, ಬಲಗಾಲು ಇಲ್ಲದ ಬ್ರೇಕನ್ನು ನೆಲದೊಳಕ್ಕೆ ತುಳಿಯಿತು, ಜೋಳದ ಹೊಲ, ಮಣ್ಣು ರಸ್ತೆ, ಒಂದಂಗುಲ ಈಚೆ, ಎಲ್ಲರೂ ನಗುತ್ತಿದ್ದಾರೆ, ಮುಷ್ಟಿ ಕಟ್ಟಿದಳು, ಎರಡೂ ಕೈಯನ್ನು ಮುಷ್ಟಿ ಕಟ್ಟಿ ಕೆಳಗಿಳಿಸಿದಳು, ಬೆರಳಿನ ಉಗುರು ಅಂಗೈಗೆ ಇಳಿಯಿತು, ಓಡು, ಎಂದಳೋ, ಅಂದುಕೊಂಡಳೋ, ಲೇನಿ ಓಡುತ್ತಿದ್ದಾಳೆ, ಅವಳ ಜೊತೆಗೇ ಅಂಕಣದ ಬದಿಯಲ್ಲಿ ರೋಂಡಾ, ನಲವತ್ತಾರರ ಮೊಣಕಾಲಿನಲ್ಲಿ, ಕೋಚ್‌ಗೆ ಹಾಕಿದ ಗೆರೆ ಎದುರಿಗೆ ಬರುತ್ತಿದೆ, ಆಚೆ ನಡುಗೆರೆ, ಎರಡೂ ಕಪ್ಪು, ಏಳು, ಹಿಂದಿನಿಂದ ಯಾರೋ ಅವಳ ಕೋಟು ಸೆಳೆದರು. ಇಮಾನಿಯಲ್ಲ, ಅವಳಿಗೆ ಕೋಟು ಹಿಡಿಯುವುದು ಬೇಡ, ಆಟ ನೋಡುವುದನ್ನು ಕಲಿ ಎಂದು ಮೊದಲ ದಿನವೇ ಹೇಳಿದ್ದಳು, ಎಡಗಡೆಯ ಅಂಚು, ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಹೊರಗೆ, ಇಂಥ ಹಿಡಿತವನ್ನು ಹದಿನೇಳು ವರ್ಷ ಹಿಡಿದವಳು ತಾನು, ಈ ತುದಿಯಿಂದ ಹೀಗಿರುತ್ತದೆ ಎಂದು ಇವತ್ತೇ ಗೊತ್ತಾದದ್ದು, ಕೆಂಪು ದಿಂಬು ಕಾಲಿನ ಹತ್ತಿರ ಉರುಳಿ ಬಂತು, ಮುದುಕ ಎರಡೂ ಕೈಯಲ್ಲಿ ಹಿಡಿದಿದ್ದಾನೆ, ಅವಳು ನಿಲ್ಲಲಿಲ್ಲ, ಎಳೆದಷ್ಟೂ ಮುಂದಕ್ಕೆ ಬಾಗಿದಳು, ಕೋಟಿನ ಹೊಲಿಗೆಯ ಒಂದು ನೂಲು ಟಪ್ಪೆಂದಿತು, ಆರು, ಆಮೇಲೆ ಹಿಡಿತ ಹೋಯಿತು — ಜಾರಿದ್ದಲ್ಲ, ಜಾರುವುದಕ್ಕೂ ಬಿಡುವುದಕ್ಕೂ ಇರುವ ಭೇದ ಹಿಡಿದವಳಿಗೆ ಗೊತ್ತು, ಬಿಟ್ಟದ್ದು, ಬೆರಳು ಒಂದೊಂದಾಗಿ ಬಿಟ್ಟದ್ದು, ಹೋಗು, ಎಂದ ಅವನು, ಮೂರು ಸಾಲಿಗೆ ಕೇಳದ ದನಿಯಲ್ಲಿ, ಹೋಗಮ್ಮ, ಆ ಸಾಲು ಹೋಯ್ತು, ಅವಳ ಕಾಲು ಗೆರೆಯ ಆಚೆ ಬಿತ್ತು, ಬಲಗಾಲು, ಬ್ರೇಕಿನ ಕಾಲು, ರೆಫರಿಯ ತಲೆ ಅವಳ ಕಡೆ ತಿರುಗುತ್ತಿದೆ, ತಿರುಗಲಿ, ಅವಳು ನೋಡುತ್ತಿರುವುದು ಒಂದು ಕತ್ತನ್ನು, ಬೆವರಿಗೆ ಜಡೆ ಅಂಟಿದ ಒಂದು ಎಳೆಯ ಕತ್ತು, ಅದು ತಿರುಗುತ್ತದೆಯೇ, ಈಗ ತಿರುಗುತ್ತದೆ, ಗೆರೆ ಬಂತು, ತಿರುಗಲಿಲ್ಲ, ಸದ್ದೆಲ್ಲ ಎಲ್ಲಿಗೋ ಹೋಯಿತು, ಬ್ಯಾಂಡಿಲ್ಲ, ಗಂಟೆಯಿಲ್ಲ, ಹುಲ್ಲಿನಟ್ಟದ ಬಿಸಿ ಮೌನ, ಕರಗಿದ ಡಾಂಬರು, ಕಪ್ಪು ಗೆರೆ, ಬಿಳಿ ಬೂಟು, ಬೂಟಿನ ಮೂತಿ ಗೆರೆಯ ಮೇಲೆ, ಬೂಟಿನ ಮೂತಿ ಗೆರೆಯ ಆಚೆ, ಬಿಳಿ ಬೂಟು, ಆಚೆ.